ಎಡಗಡೆಯ ಬೆಸಾಂವ್

ಮಣ್ಣಗುಡ್ಡದ ಮಗ್ದಲೀನ್‌ಬಾಯಿಯ ಮನೆಯಲ್ಲಿ ಸಂಜೆ ಜಪಮಾಲೆ ಹಿಡಿದು ಹೇಳುವ ತೇರ್ಸದ ಪ್ರಾರ್ಥನೆ ಮುಗಿದ ಕೂಡಲೇ ಕಿರಿಯರು ಕೈಮುಗಿದು ಹಿರಿಯರಲ್ಲಿ ಬೆಸಾಂವ್ ಕೇಳಬೇಕು. ಬೆಸಾಂವ್ ಅಂದರೆ ಆಶೀರ್ವಾದ. ಜಗಳವಾದ ದಿನವೂ ಅದು ತಪ್ಪಬಾರದು. ಕೇಳಿದವರಿಗೆ ಕೊಡದೆ ಎದ್ದುಹೋದರೆ ಕೆನ್ನೆಗೆ ಹೊಡೆದದ್ದಕ್ಕಿಂತ ಹೆಚ್ಚು.

ಐವತ್ತೆಂಟನೇ ಇಸವಿಯ ಮಳೆಗಾಲ ಕಳೆದು ಸ್ವಲ್ಪ ದಿನವಾಗಿತ್ತು. ಮಗ ಗ್ರೆಗರಿ ಬಲಗಡೆ ನಿಂತು ಬೆಸಾಂವ್ ಕೇಳಿದ, ಮಗ್ದಲೀನ್‌ಬಾಯಿ ಕೊಟ್ಟಳು. ಸೊಸೆ ನೆಲ್ಲಿ ಎಡಗಡೆ ನಿಂತು ಗಂಡನ ದನಿಯ ಜೊತೆಗೇ ಮೆಲ್ಲಗೆ ಕೇಳಿದ್ದಳು. ಅತ್ತೆ ಅವಳ ಕಡೆ ತಿರುಗದೆ ಎದ್ದುಹೋದಳು. ಮೂರು ಸಂಜೆ ಹೀಗೇ ಆಯಿತು.

ನಾಲ್ಕನೆಯ ಬೆಳಿಗ್ಗೆ ನೆಲ್ಲಿ ಅತ್ತೆಯ ಎದುರಿಗೇ ಟ್ರಂಕಿಗೆ ಸೀರೆ ತುಂಬಿಸಿದಳು.

"ಮೂರು ವರ್ಷ ಆದ್ರೂ ಹೆರದವಳಿಗೆ ಬೆಸಾಂವ್ ಎಂತಕ್ಕೆ ಅಲ್ವಾ ಮಾಂಯ್? ನಾನು ಬಿಕರ್ನಕಟ್ಟೆಗೆ, ಅಮ್ಮನಲ್ಲಿಗೆ ಹೋಗ್ತೇನೆ."

"ನೀನು ಅಡುಗೆಮನೆಯಲ್ಲಿದ್ದಿ ಅಂತ ಗ್ರಹಿಸಿದ್ದೆ ಮಗಾ."

"ನಿಮ್ಮ ಮೊಣಕೈಗೆ ತಾಗುವ ಹಾಗೆ ನಿಂತಿದ್ದೆ! ಕಣ್ಣು ಕಾಣುದಿಲ್ವಾ ಹಾಗಾದ್ರೆ?"

ಮಗ್ದಲೀನ್‌ಬಾಯಿಗೆ ಒಂದೊಂದೇ ನೆನಪಾಯಿತು. ಮೊನ್ನೆ ಮೊಟ್ಟೆ ಮಾರುವ ಅಲೀಮಮ್ಮ ದಾರಿಯಲ್ಲಿ ರೇಗಿಸಿದ್ದಳು: "ಎಂತ ಬಾಯಮ್ಮಾ, ಪಕ್ಕದಲ್ಲೇ ಹೋದ್ರೂ ಮಾತಿಲ್ಲ. ದೊಡ್ಡ ಜನ ಆದ್ರಾ?" ಬಾಗಿಲ ದಾರಂದಕ್ಕೆ ಬಡಿದು ಎಡಭುಜ ಎರಡು ಸಲ ನೀಲಿಗಟ್ಟಿತ್ತು. ನೋವಿಲ್ಲ, ಕೆಂಪಿಲ್ಲ, ಸೂಜಿಗೆ ನೂಲು ಈಗಲೂ ಹೋಗುತ್ತದೆ. ಕಣ್ಣಿಗೆ ಏನಾದೀತೆಂದು ಅವಳು ನೆನೆಸಿರಲಿಲ್ಲ.

ಅವಳು ದೇವರ ಅಲ್ತಾರಿನ ದೀಪವನ್ನೇ ನೇರ ದಿಟ್ಟಿಸಿ ನಿಂತಳು.

"ನನ್ನ ಎಡಗಡೆ ಬಾ. ಕೈ ಅಲ್ಲಾಡಿಸು."

"ಅಲ್ಲಾಡಿಸ್ತಾ ಇದ್ದೇನೆ ಮಾಂಯ್."

ಆ ಕೈ ದೀಪದ ಹತ್ತಿರಕ್ಕೇ ಬಂದ ಮೇಲೆ ಅವಳಿಗೆ ಕಂಡಿತು. ನೆಲ್ಲಿ ಟ್ರಂಕು ಮುಚ್ಚಲಿಲ್ಲ, ಸೀರೆಗಳನ್ನು ಒಂದೊಂದಾಗಿ ತೆಗೆದಿಟ್ಟಳು.

"ಗ್ಲಾಕೋಮಾ" ಎಂದರು ಕಣ್ಣಿನ ಡಾಕ್ಟರು. "ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಕಾಯಬೇಕು."

ದಿನಕ್ಕೆ ನಾಲ್ಕು ಸಲ ಹನಿಮದ್ದು. ಹಾಕಿದರೆ ಹುಬ್ಬು ನೋಯುತ್ತಿತ್ತು, ಲೋಕವೆಲ್ಲ ಸಂಜೆಯ ಹಾಗೆ ಮಬ್ಬಾಗುತ್ತಿತ್ತು. ಆದರೂ ಮಗ್ದಲೀನ್‌ಬಾಯಿ ಒಂದು ಹೊತ್ತೂ ತಪ್ಪಿಸಲಿಲ್ಲ. ಊಟವಾದ ಮೇಲೆ ಒಂದು ಗಂಟೆ ಕಣ್ಣು ಮುಚ್ಚಿಕೊಂಡೇ ಮನೆಯಲ್ಲಿ ಓಡಾಡುವುದನ್ನು ರೂಢಿಮಾಡಿಕೊಂಡಳು. ಅಡುಗೆಮನೆಯಿಂದ ಬಾವಿಗೆ ಹದಿನೇಳು ಹೆಜ್ಜೆ. ಕೊಡಪಾನ ನೀರು ಮುಟ್ಟುವಲ್ಲಿಗೆ ಹಗ್ಗಕ್ಕೆ ಒಂದು ಗಂಟು. ಉಪ್ಪಿನ ಭರಣಿಯ ಕುತ್ತಿಗೆಗೆ ನೂಲು, ಹುಣಸೆಹುಳಿಯದಕ್ಕೆ ಇಲ್ಲ.

"ಹೀಗೆ ಕುರುಡಿಯ ವೇಷ ಎಂತಕ್ಕೆ ಅಮ್ಮಾ?" ಎಂದು ಗ್ರೆಗರಿ ಸಂಕಟಪಟ್ಟ.

"ನೆಂಟರು ಬರುದು ಖಂಡಿತ ಅಂತ ಗೊತ್ತಾದ ಮೇಲೆ ಅಕ್ಕಿ ನೆನೆಸಿ ಇಡ್ಬೇಕು ಮಾರಾಯ."

ಅವಳಿಗೆ ಉಳಿದ ಚಿಂತೆ ಒಂದೇ. ಇನ್ನು ಯಾರಿಗೂ ಬೆಸಾಂವ್ ತಪ್ಪಬಾರದು. ಅದಕ್ಕೆ ಮನೆಯ ಕ್ರಮವನ್ನೇ ಬದಲಾಯಿಸಿದಳು. ಕೈಮುಗಿದರೆ ಸಾಲದು, ಒಬ್ಬೊಬ್ಬರೇ ಬಂದು ಅವಳ ಅಂಗೈಯ ಅಡಿಗೆ ತಲೆ ಕೊಡಬೇಕು.

ಅರವತ್ತಾರರ ಹೊತ್ತಿಗೆ ಅವಳ ನೋಟ ಪಪ್ಪಾಯಿ ದಂಟಿನ ತೂತಿನಷ್ಟಕ್ಕೆ ಇಳಿದಿತ್ತು. ಗ್ರೆಗರಿಯ ತಲೆ ನಡುವೆ ಬೋಳಾದದ್ದು ಅವಳಿಗೆ ಕೈಯಿಂದಲೇ ತಿಳಿಯಿತು. ಅವನ ಹಿಂದೆ ನೆಲ್ಲಿಯ ತೆಂಗಿನೆಣ್ಣೆ ಹಚ್ಚಿದ ಬಿಗಿ ಜಡೆ, ಅದರಡಿಯಲ್ಲಿ ಅವಳು ಎತ್ತಿಕೊಂಡ ಮಗುವಿನ ಪುಟ್ಟ ತಲೆ, ಒಂದು ಕಡೆ ನಿಲ್ಲದೆ ಅಲುಗುತ್ತಿತ್ತು.

"ಎರಡು ತಲೆ ಉಂಟು ಮಾಂಯ್" ಎಂದಳು ನೆಲ್ಲಿ.

"ನನಗೆ ಕಾಣ್ತದೆ" ಎಂದು ಮಗ್ದಲೀನ್‌ಬಾಯಿ ಇನ್ನೊಂದು ಕೈಯನ್ನೂ ಇಟ್ಟಳು.