ಹಿಂದಿನಿಂದ ಕೂಗಿದ್ದು

ಪುಟ್ಟಾ, ಪುಟ್ಟಿ, ನಿಮ್ಮ ತಾತ ತೀರಿಕೊಂಡದ್ದು ನನ್ನಿಂದಲೇ ಎಂದು ಎರಡು ವರ್ಷ ನಂಬಿದ್ದೆ. ತರೀಕೆರೆಗೆ ಹೋಗಲು ಹೊಸಿಲು ದಾಟಿದವರನ್ನು, ಕನ್ನಡಕ ಮರೆತರೆಂದು ಹಿಂದಿನಿಂದ ಕೂಗಿದ್ದೆ. ಹೊರಟವರನ್ನು ಹಾಗೆ ಕರೆಯಬಾರದು. ಕರೆದರೆ ಅವರು ಒಳಗೆ ಬಂದು ಕೂತು, ನೀರು ಕುಡಿದು ಹೋಗಬೇಕು. ಬಸ್ಸು ಬಂತೆಂದು ಅವರು ಕೂರಲಿಲ್ಲ. ತರೀಕೆರೆ ಸೇರುವ ಮೊದಲೇ ಬಸ್ಸಿನಲ್ಲಿ ಎದೆನೋವು ಬಂದು ಹೋಗಿಬಿಟ್ಟರು.

ನಾನು ಊಟ ಬಿಟ್ಟದ್ದನ್ನು ನೋಡಿ ನಿಮ್ಮ ಅಮ್ಮ, ಮನಸ್ಸಿನ ಚಿಕಿತ್ಸೆ ಮಾಡುವ ಒಬ್ಬ ಮೇಡಂ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ವಿಡಿಯೊ ಹಾಕಿ ಮಾತಾಡಿಸಿದಳು. ನಾಚಿಕೆಯಿಂದ ನಾನು ಫೋನನ್ನು ಮೇಲಕ್ಕೆ ತಿರುಗಿಸಿದ್ದೆ.

"ಅಜ್ಜಿ, ನಿಮ್ಮನೆ ಫ್ಯಾನ್ ಚೆನ್ನಾಗಿದೆ. ನಿಮ್ಮನ್ನ ಯಾವಾಗ ನೋಡೋದು?" ಎಂದರು.

"ಫ್ಯಾನೇ ನೋಡಮ್ಮ, ಅದಾದ್ರೂ ನೆಟ್ಟಗೆ ತಿರುಗುತ್ತೆ," ಎಂದೆ.

ಮೂರನೇ ವಾರ ಎಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ. "ಮೊದಲೂ ಹಾಗೆ ಕೂಗಿದ್ರಾ ಅಜ್ಜಿ? ನೆನಪಾದಷ್ಟೂ ಬರೆದಿಡಿ," ಎಂದರು.

ಬರೆಯುತ್ತ ಕೂತೆ. ನಿಮ್ಮ ತಾತ ಮರೆಗುಳಿ. ಕೊಡೆ, ಪಹಣಿ, ಒಮ್ಮೆ ಬುಕ್ಕಾಂಬುಧಿಯ ಮದುವೆಗೆ ಹೊರಟಾಗ ಹಲ್ಲಿನ ಸೆಟ್ಟು. ಎಷ್ಟು ಸಲ ಕೂಗಿದ್ದೆನೋ. ಕೂರದೆ ಹೋದದ್ದೇ ಹೆಚ್ಚು. ಅಷ್ಟೂ ಸಲ ಸಂಜೆಗೆ ಮನೆಗೆ ಬಂದಿದ್ದರು.

ನಾಲ್ಕು ಹಾಳೆ ತುಂಬಿದ ಮೇಲೆ ತಪ್ಪು ನನ್ನದಲ್ಲವೆಂದು ಕಂಡಿತು. ಹಗುರಾಗಬೇಕಿತ್ತು, ಆದರೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಅದುವರೆಗೆ ನನ್ನನ್ನು ಬೈದುಕೊಳ್ಳುವುದರಲ್ಲೇ ದಿನ ಹೋಗಿತ್ತು. ಅವರಿಲ್ಲವೆಂದು ಅತ್ತಿರಲೇ ಇಲ್ಲ.

ಆ ಹಾಳೆಗಳನ್ನೂ ಈ ಕಾಗದದ ಜೊತೆ ಇಟ್ಟಿದ್ದೇನೆ. ನಿಮ್ಮ ತಾತ ಎಷ್ಟು ಸಲ ಮನೆಗೆ ಬಂದರೆಂದು ಅದರಲ್ಲಿದೆ. ನೀರು ತಾಗದ ಕಡೆ ಎತ್ತಿಡಿ.