ಅತ್ತೆ ಅರ್ಧ ಮಾಡಿ ಕೇಳುತ್ತಿದ್ದ ಕ್ಯಾಲರಿ

ನಾಸಿಕದ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಎರಡು ಟ್ರೆಡ್‌ಮಿಲ್ ಇವೆ. ಒಂದು ಕೆಟ್ಟು ಯಾವ ಕಾಲವಾಯಿತೋ, ಅದು ತಿರುಗಿದ್ದನ್ನು ನೋಡಿದವರು ಯಾರೂ ಈಗ ಬದುಕಿರಲಿಕ್ಕಿಲ್ಲ. ಇನ್ನೊಂದು ನಡೆಯುತ್ತದೆ. ಅಪ್ಪ ಅದನ್ನು ಹತ್ತಿದ ಮೊದಲ ದಿನ ಅದು ಹೊರಡಿಸಿದ ಸದ್ದು ಮೂವತ್ತು ಕಿಲೋಮೀಟರ್ ಆಚೆಯ ಪಿಂಪಳಗಾಂವ್ ಬಸವಂತದವರೆಗೆ ಕೇಳಿಸಿ, ಅಲ್ಲಿನ ಈರುಳ್ಳಿ ಹರಾಜು ಎರಡು ನಿಮಿಷ ನಿಂತಿತಂತೆ. ನಾನು ಕಣ್ಣಾರೆ ನೋಡಿಲ್ಲ. ಆದರೆ ನಿಲ್ಲದೆ ಇರಲು ಸಾಧ್ಯವೇ ಇಲ್ಲ.

ಅಪ್ಪನ ತೂಕ ಆಗ ತೊಂಬತ್ತೆಂಟು ಕಿಲೋ. ಹುಟ್ಟಿದ್ದು ಬೀದರ್ ಕಡೆ, ಉಬ್ಬಿದ್ದು ನಾಸಿಕದಲ್ಲಿ. ಕಾರ್ಖಾನೆಯ ಸ್ಟೋರಿನಲ್ಲಿ ಕುರ್ಚಿಯ ಕೆಲಸ. ಅವನು ಎದ್ದರೆ ಕುರ್ಚಿಯೂ ಎರಡು ಹೆಜ್ಜೆ ಜೊತೆಗೆ ಬಂದು, ಆಮೇಲೆ ನೆನಪಾದಂತೆ ಕಳಚಿಕೊಳ್ಳುತ್ತದೆ.

ಅವನು ತೂಕ ಇಳಿಸಬೇಕಾಗಿ ಬಂದದ್ದು ಚೆಂದ ಕಾಣುವುದಕ್ಕಲ್ಲ. ಸಂಭಾಜಿನಗರದಲ್ಲಿರುವ ಅವನ ಅಕ್ಕನಿಗೆ, ಅಂದರೆ ನನ್ನ ಸೋದರತ್ತೆಗೆ, ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ರಕ್ತದ ಗುಂಪು ಹೊಂದಿದ್ದು ಅಪ್ಪನದು ಮಾತ್ರ. ಒಂದು ಕಿಡ್ನಿ ನಾನು ಕೊಡುತ್ತೇನೆ ಎಂದ. ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು, ಆಮೇಲೆ ಎಡದಿಂದ ಬಲಕ್ಕೆ ನೋಡಿದರು. ಎರಡನೆಯದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಕೊನೆಗೆ ಮರಾಠಿಯಲ್ಲಿ ಒಂದೇ ಮಾತು: ಮೊದಲು ತೊಂಬತ್ತರ ಕೆಳಗೆ ಇಳಿಯಿರಿ, ಮುಂದಿನ ತಪಾಸಣೆ ಆಮೇಲೆ.

ಹಾಗೆ ಶುರುವಾಯಿತು. ಸಂಜೆ ಅಪ್ಪ ಅರ್ಧ ಗಂಟೆ ನಡೆಯುವುದು, ಎಷ್ಟು ಕ್ಯಾಲರಿ ಸುಟ್ಟಿತೆಂದು ಪರದೆ ತೋರಿಸಿದ್ದನ್ನು ನಾನು ಫೋನಿನಲ್ಲಿ ಅತ್ತೆಗೆ ಹೇಳುವುದು. ಮನೆಯಲ್ಲಿ ಹನ್ನೊಂದನೇ ತರಗತಿ ಸೈನ್ಸ್ ಓದುವವಳು ನಾನೊಬ್ಬಳೇ. ಆದ್ದರಿಂದ ವಿಜ್ಞಾನಿಯೂ ನಾನೇ.

ಮೊದಲ ದಿನ ಯಂತ್ರ ನಡೆಯುವವರ ತೂಕ ಕೇಳಿದಾಗ ಅಪ್ಪನ ನಿಜವಾದ ತೂಕ ಒತ್ತಿದೆ. ನೂರ ಎಪ್ಪತ್ತು ಬಂತು.

"ಎಷ್ಟಾತವ್ವಾ?" ಅತ್ತೆ ಕೇಳಿದಳು.

"ನೂರಾ ಎಪ್ಪತ್ತು ರೀ ಅತ್ತಿ."

"ಹಾಂ. ಛಲೋ ಆತು."

ಅಷ್ಟೇ. ಡಯಾಲಿಸಿಸ್ ದಿನದ ಅತ್ತೆಯ ದನಿ ಹಿಂಡಿಟ್ಟ ನಿಂಬೆಹೋಳಿನಂತಿತ್ತು. ನನಗೆ ಅದು ಹಿಡಿಸಲಿಲ್ಲ. ನನ್ನ ಮಾತಿಗೆ ಜನ ನಗಬೇಕು, ನಗದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಮರುದಿನ ಯಂತ್ರ ತೂಕ ಕೇಳಿದಾಗ ನೂರ ಐವತ್ತು ಎಂದು ಒತ್ತಿದೆ. ಅದಕ್ಕಿಂತ ಹೆಚ್ಚು ಒತ್ತಲು ಅದು ಬಿಡಲಿಲ್ಲ, ಇಲ್ಲವಾದರೆ ಆನೆಯ ತೂಕ ಒತ್ತುತ್ತಿದ್ದೆ. ಭಾರ ಹೆಚ್ಚಿದ್ದವನು ಅಷ್ಟೇ ನಡೆದರೂ ಹೆಚ್ಚು ಸುಡುತ್ತಾನೆ ಎನ್ನುವುದು ಅದರ ಲೆಕ್ಕ. ಪಾಪ, ನಂಬಿ ಇನ್ನೂರ ಅರವತ್ತು ತೋರಿಸಿತು. ಪರದೆಯಿಂದ ನನ್ನ ಬಾಯಿಗೆ ಬರುವಷ್ಟರಲ್ಲಿ ಅದು ಮುನ್ನೂರಾಯಿತು.

"ಅತ್ತಿ, ಮುನ್ನೂರು ರೀ! ಬೆಲ್ಟಿನಿಂದ ಹೊಗಿ ಬಂತು. ವಾಚ್‌ಮನ್ ಬಕೆಟ್ ನೀರು ಹಿಡ್ಕೊಂಡು ಓಡಿ ಬಂದಾ!"

"ಏ ಸುಳ್ಳಬುರುಕಿ!" ಎಂದ ಅತ್ತೆ ಕೆಮ್ಮು ಬರುವ ತನಕ ನಕ್ಕಳು.

ಮುಗಿಯಿತು. ನನಗೆ ರುಚಿ ಹತ್ತಿತು. ನಾಲ್ಕನೇ ವಾರಕ್ಕೆ ಕ್ಯಾಲರಿ ನಾನೂರೈವತ್ತಕ್ಕೆ ಏರಿತ್ತು, ಬಕೆಟ್ ಹೋಗಿ ಬೆಂಕಿ ಆರಿಸುವ ಬಂಬಿನ ಗಾಡಿ ಬಂದಿತ್ತು.

ಆದರೆ ನಡೆಯುವಾಗ ಕನ್ನಡಕ ತೆಗೆದಿಟ್ಟು ಪರದೆ ಕಾಣದ ಅಪ್ಪನೂ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ನಡೆದು ಮುಗಿಸಿ ಮನೆಗೆ ಬರುವ ದಾರಿಯಲ್ಲಿ, ಮೊಳಕೆಕಾಳಿನ ಖಾರದ ರಸಕ್ಕೆ ಪಾವ್ ಅದ್ದಿ ತಿನ್ನುವ ಒಂದು ಮಿಸಳ್ ಅಂಗಡಿ. ಅಪ್ಪ ಅದರ ಮುಂದೆ ನಿಂತು ಗಂಭೀರವಾಗಿ ಕಳೆಯುವ ಲೆಕ್ಕ ಮಾಡುತ್ತಿದ್ದ. "ನಾನೂರೈವತ್ತು ಸುಟ್ಟೀನಿ. ಒಂದು ಪ್ಲೇಟಿಗಿ ಮುನ್ನೂರು ಅಂತ ಹಿಡಿ. ಇನ್ನೂ ನೂರೈವತ್ತು ನಂದೇ ಉಳೀತಲ್ಲ?" ಉಳಿದ ನೂರೈವತ್ತಕ್ಕೆ ಎರಡು ಪಾವ್ ಜಾಸ್ತಿ ತಿನ್ನುತ್ತಿದ್ದ.

ಅವ್ವ ಬಾಗಿಲು ತೆರೆದವಳೇ ಅನ್ನುತ್ತಿದ್ದಳು: "ಹೋಗೋವಾಗ ಒಬ್ರೇ ಹೋಗ್ತೀರಿ. ಬರೋವಾಗ ಒಂದೂವರಿ ಮಂದಿ ಬರ್ತೀರಲ್ರೀ!"

ತಿಂಗಳಾದ ಮೇಲೆ ಅಪ್ಪ, ನಾನು ರೈಲು ಹತ್ತಿ ಸಂಭಾಜಿನಗರಕ್ಕೆ ಹೋದೆವು. ಆಸ್ಪತ್ರೆಯ ತೂಕದ ಕಾಟಾ ತೊಂಬತ್ತೆಂಟೂವರೆ ತೋರಿಸಿತು. ಇಳಿಯುವುದು ಹಾಗಿರಲಿ, ಅರ್ಧ ಕಿಲೋ ಏರಿತ್ತು. ಅಪ್ಪ ಬೆಲ್ಟ್ ಬಿಚ್ಚಿದ, ವಾಚ್ ತೆಗೆದ, ಹಣೆಯ ವಿಭೂತಿಯನ್ನೂ ಒರೆಸಿಕೊಂಡ. ಕಾಟಾ ಕರಗಲಿಲ್ಲ. "ಹೀಗಾದರೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ," ಎಂದರು ಡಾಕ್ಟರಮ್ಮ, "ಅವರಿಗೆ ಬಹಳ ದಿನ ಕಾಯಲು ಆಗುವುದಿಲ್ಲ."

ಬೇರೆ ಯಾರೂ ಇರಲಿಲ್ಲ. ಮೆಟ್ಟಿಲು ಇಳಿಯುತ್ತ ಅಪ್ಪ ಮೆಲ್ಲಗೆ ಕೇಳಿದ: "ಮಶೀನು ಸುಳ್ಳು ಹೇಳ್ತದೇನವ್ವಾ?"

ಯಾವ ಪ್ರಶ್ನೆಗೂ ಹದಿನೇಳು ಉತ್ತರ ಇಟ್ಟುಕೊಂಡಿರುವವಳು ನಾನು. ಅವತ್ತು ಮಾತ್ರ ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ ಹಿಂದೆ ಉಳಿದೆ.

ಅತ್ತೆ ಮನೆಯಲ್ಲಿ ಮಂಚದ ಮೇಲೆ ಒರಗಿದ್ದಳು. ಪಕ್ಕದಲ್ಲಿ ಅವಳ ನೀರಿನ ಬಾಟಲಿ. ಅದರ ಮೈಮೇಲೆ ಕೆಂಪು ನೇಲ್‌ಪಾಲಿಶಿನಲ್ಲಿ ಎಳೆದ ಗೆರೆಗಳು: ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ಸಂಜೆ ಇಷ್ಟು. ಕಿಡ್ನಿ ಕೆಟ್ಟವರಿಗೆ ನೀರೂ ಅಳತೆಯಲ್ಲೇ. ಅಪ್ಪ ತೂಕ ಹೇಳಿದ. ಅತ್ತೆ ಬಾಟಲಿಯ ಗೆರೆಗಳ ಮೇಲೆ ಬೆರಳಾಡಿಸಿದಳು. ನನಗೆ ತಡೆಯಲಾಗಲಿಲ್ಲ.

"ಅತ್ತಿ, ಅಪ್ಪನ ತೂಕ ನೂರೈವತ್ತು ಅಂತ ಮಶೀನಿಗಿ ನಾನೇ ಹೇಳಿದ್ದೆ ರೀ. ಮ್ಯಾಲಿಂದು ಬಾಯ್ಲೆ ಸೇರಿಸೀನಿ."

"ಏನಂದಿ?" ಅಪ್ಪ ಎದ್ದು ನಿಂತ. ಅತ್ತೆಯ ಮನೆಯ ಕುರ್ಚಿಯೂ ಜೊತೆಗೆ ಎದ್ದಿತು.

"ಕೂಡೋ ತಮ್ಮಾ," ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದಳು. "ನಾ ಮೊದಲೇ ಅರ್ಧಾ ಮಾಡೀನಿ. ನಿನಗ ಮಾತು ಬಂದಾಗಿಂದ ನಿನ್ನ ಮಾತು ಅರ್ಧಾ ಮಾಡೇ ಕೇಳ್ತೀನಿ. ನಾಲ್ಕು ಹಾವು ನೋಡೀನಿ ಅಂದ್ರ ಎರಡು ಹಗ್ಗ ಅಂತ ತಿಳ್ಕೋತೀನಿ. ಆದ್ರ ನಿಮ್ಮಪ್ಪ ಮಬ್ಬು. ಪೂರಾ ನಂಬ್ತಾನ."

"ಹಂಗಾದ್ರ ನಾ ತಿಂದ ಮಿಸಳೆಲ್ಲಾ?" ಅಪ್ಪ ಬೆರಳು ಮಡಚಿ ಎಣಿಸತೊಡಗಿದ.

"ಎಲ್ಲೂ ಹೋಗಿಲ್ಲ. ನಿನ್ನ ಹೊಟ್ಟ್ಯಾಗೇ ಅದಾವ."

ನಗು ಬಂದರೂ ನಾನು ನಗಲಿಲ್ಲ. ಅತ್ತೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. "ಇದು ನೋಡವ್ವಾ. ಒಂದು ಗುಟುಕು ಹೆಚ್ಚು ಕುಡದು, ಇಲ್ಲ ಅಂದ್ರ ಡಾಕ್ಟರ್ ನಂಬಬಹುದು. ನನ್ನ ಕಾಲು ನಂಬಂಗಿಲ್ಲ, ನಾಳಿಗಿ ಬಾತು ನಿಂತಿರ್ತಾವ. ನನ್ನ ನಗಸ್ಲಾಕ ಹೊಗಿ ತಾ, ಬಂಬಿನ ಗಾಡಿ ತಾ, ಏನ್ ಬೇಕಾದ್ದು ತಾ. ನಂಬರಿಗಿ ಮಾತ್ರ ಕೈ ಹಚ್ಚಬ್ಯಾಡ."

ವಾಪಸು ಬರುವಾಗ ಮನ್ಮಾಡ್ ಸ್ಟೇಷನ್ನಿನಲ್ಲಿ ವಡಾ ಮಾರುವವನು ಸರಿಯಾಗಿ ನಮ್ಮ ಕಿಟಕಿಗೇ ಬಂದ. ಅಪ್ಪ ಆಚೆ ಕಡೆಯ ಕಿಟಕಿಗೆ ಮುಖ ತಿರುಗಿಸಿ, ಏನೂ ಇಲ್ಲದ ಹಳಿಗಳನ್ನು ಸನ್ಯಾಸಿಯ ಹಾಗೆ ನೋಡುತ್ತ ಕೂತ. ಆ ದೃಶ್ಯಕ್ಕೆ ವಡಾದವನಿಗೇ ಕಣ್ಣೀರು ಬಂತು. ಇದನ್ನು ಬೇಕಾದರೆ ಅರ್ಧ ಮಾಡಿಕೊಳ್ಳಿ.

ಮರುದಿನ, ಯಂತ್ರಕ್ಕೆ ಅರ್ಧ ಕಿಲೋ ಒತ್ತಲು ಬಾರದ್ದರಿಂದ, ತೊಂಬತ್ತೆಂಟೂವರೆ ಇದ್ದದ್ದನ್ನು ತೊಂಬತ್ತೆಂಟು ಎಂದು ಒತ್ತಿದೆ. ಈ ಸಲ ವಿಡಿಯೋ ಕಾಲ್. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು.

"ಏ ತಮ್ಮಾ, ಎರಡೂ ಕೈಲೆ ಹಿಡಿಕಿಗಿ ಜೋತು ಬಿದ್ದೀಯಲ್ಲೋ! ಎಸ್‌ಟಿ ಬಸ್ಸಿನ್ಯಾಗ ನಿಂತೀಯೇನು? ಮುಂದಿನ ಸ್ಟಾಪಿಗಿ ಸೀಟು ಸಿಗ್ತದೇನು?"

ಅದೂ ನಿಜವೇ. ಕೈಯ ಮೇಲೆ ಭಾರ ಹಾಕಿದರೆ ಕಾಲಿಗೆ ಕೆಲಸ ಕಡಿಮೆ, ಯಂತ್ರಕ್ಕೆ ಮಾತ್ರ ಅದು ಗೊತ್ತಾಗುವುದಿಲ್ಲ. ಅಪ್ಪ ಕೈ ಬಿಟ್ಟ. ಎರಡು ನಿಮಿಷ ಹಗ್ಗದ ಮೇಲೆ ನಡೆಯುವವನಂತೆ ತೂಗಾಡಿದ, ಆಮೇಲೆ ಹದ ಸಿಕ್ಕಿತು.

"ನೂರಾ ಎಪ್ಪತ್ತು ರೀ ಅತ್ತಿ."

"ಅಂದ್ರ ಎಂಬತ್ತೈದು."

"ಇಲ್ರೀ, ಖರೇನೇ ನೂರಾ ಎಪ್ಪತ್ತು!"

"ಇಷ್ಟು ಜೋರಲೆ ಹೇಳ್ಲಾಕತ್ತೀ ಅಂದ್ರ ಎಪ್ಪತ್ತೇ ಇರಬೇಕು."

ಕ್ಯಾಮೆರಾವನ್ನು ಪರದೆಗೆ ಹಿಡಿದು ತೋರಿಸಿದ ಮೇಲೇ ನಂಬಿದಳು. ಎರಡು ತಿಂಗಳು ದಿನವೂ ಹಾಗೇ ತೋರಿಸಬೇಕಾಯಿತು. ಸುಳ್ಳು ಹೇಳುವುದು ಸುಲಭ, ಪುಕ್ಕಟೆ. ನಿಜ ಹೇಳುವುದಕ್ಕೆ ಇಂಟರ್ನೆಟ್ ಬೇಕು.

ಮಿಸಳ್ ಅಂಗಡಿಯ ದಾರಿ ಬಿಟ್ಟು, ಅಪ್ಪ ಸುತ್ತು ಹಾಕಿಕೊಂಡು ಮನೆಗೆ ಬರತೊಡಗಿದ. ಅವ್ವ ಜೋಳದ ರೊಟ್ಟಿ ಎರಡೇ ಬಡಿದು, ಹಿಟ್ಟಿನ ಡಬ್ಬಿಯ ಮೇಲೆ ಕೂತುಬಿಡುತ್ತಿದ್ದಳು. ಪ್ರತಿ ಭಾನುವಾರ ಔಷಧದ ಅಂಗಡಿಯ ಕಾಟಾದಲ್ಲಿ ತೂಕ ನೋಡಿ, ಯಂತ್ರಕ್ಕೆ ಹೊಸದನ್ನು ಒತ್ತುತ್ತಿದ್ದೆ. ಆಗೊಂದು ವಿಚಿತ್ರ ನಡೆಯಿತು. ಅಷ್ಟೇ ಹೊತ್ತು, ಅಷ್ಟೇ ವೇಗದಲ್ಲಿ ನಡೆದರೂ ಕ್ಯಾಲರಿ ಇಳಿಯತೊಡಗಿತು. ನೂರ ಅರವತ್ತೈದು, ನೂರ ಅರವತ್ತು. ಅಪ್ಪ ಗಾಬರಿಯಾದ. ಹಗುರಾದವನು ಕಡಿಮೆ ಸುಡುತ್ತಾನೆ ಎಂದು ನಾನು ಬಿಡಿಸಿ ಹೇಳಿದೆ. ಆಮೇಲೆ ಪರದೆಯ ಮೇಲೆ ಅಂಕಿ ಇಳಿದ ದಿನ ಎರಡು ಊರುಗಳಲ್ಲಿ ನಮ್ಮವರು ಸಂಭ್ರಮ ಪಡುತ್ತಿದ್ದರು. ಕ್ಲಬ್‌ಹೌಸಿಗೆ ಬರುವ ಬೇರೆಯವರು ನಮ್ಮನ್ನು ಕಂಡು ದೂರ ಸರಿಯುತ್ತಿದ್ದರು.

ಐದನೇ ತಿಂಗಳು ಮತ್ತೆ ಅದೇ ಆಸ್ಪತ್ರೆ, ಅದೇ ಕಾಟಾ. ಅವತ್ತು ಅತ್ತೆಯ ಡಯಾಲಿಸಿಸ್ ಮುಗಿದಿತ್ತು. ದೂರದ ಬೆಂಚಿನ ಮೇಲೆ ಬಾಟಲಿ ಹಿಡಿದು ಕೂತಿದ್ದಳು. ಅಲ್ಲಿಂದ ಅಂಕಿ ಕಾಣುವಂತಿರಲಿಲ್ಲ. ಅಪ್ಪ ಬೆಲ್ಟು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹತ್ತಿದ. ಗಾಬರಿಗೆ, ಕೈಯಲ್ಲಿದ್ದರೂ ಅವು ತೂಗುತ್ತವೆ ಎನ್ನುವುದು ಅವನಿಗೆ ಹೊಳೆಯಲಿಲ್ಲ. ನಾನೇ ಕಸಿದುಕೊಂಡೆ. ಅಂಕಿ ಅಲುಗಾಡಿ ನಿಂತಿತು.

"ಎಷ್ಟವ್ವಾ?" ಅತ್ತೆ ಕೂಗಿದಳು.

ನಾಲಿಗೆಯ ತುದಿಯಲ್ಲಿ ಎಪ್ಪತ್ತೈದು ಕುಣಿಯುತ್ತಿತ್ತು. ಅದನ್ನು ನುಂಗಿದೆ.

"ಎಂಬತ್ತೊಂಬತ್ತು ಪಾಯಿಂಟ್ ಏಳು ರೀ ಅತ್ತಿ."

ಅಪ್ಪ ಕಾಟಾದಿಂದ ಇಳಿಯುವುದನ್ನೇ ಮರೆತ. ಡಾಕ್ಟರಮ್ಮ ಮುಂದಿನ ತಪಾಸಣೆಗಳ ಚೀಟಿ ಬರೆಯಲು ಕೂತರು. ಅದರಲ್ಲಿ ಏನೇನು ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ, ಆದರೆ ಚೀಟಿ ಉದ್ದವಾಗುತ್ತಿತ್ತು. ಅತ್ತೆ ಕ್ಯಾಮೆರಾ ಕೇಳಲಿಲ್ಲ. ಅಪ್ಪನ ಮುಖವನ್ನೂ ನೋಡಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿ, ಸಂಜೆಯ ಗೆರೆಯವರೆಗೆ, ಸರಿಯಾಗಿ ಗೆರೆಯವರೆಗೆ ಮಾತ್ರ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಬೆಂಚಿನ ಮೇಲೆ ತುಸು ಸರಿದು ನನಗೆ ಜಾಗ ಮಾಡಿದಳು.

"ಬಾ, ಈಗ ಹೊಗಿ ಕಥಿ ಹೇಳು."

"ಅತ್ತಿ," ಎಂದೆ ನಾನು ಕೂರುವ ಮೊದಲೇ, "ನಿನ್ನಿ ಬಂಬಿನ ಗಾಡಿ ಒಂದಲ್ಲ ರೀ, ಆರು ಬಂದಿದ್ವು."