ಕೊಳದಕ್ಕ ಮತ್ತು ಕಾಣೆಯಾದ ಸೂಚನೆ

ಬೆಳಕು ಹರಿಯುವ ಹೊತ್ತಿಗೆ ಈಜುಕೊಳ ಶುಚಿ ಮಾಡುವ ಕೊಳದಕ್ಕ ಉದ್ದ ಕೋಲಿನ ಬಲೆಯಿಂದ ನೀರಿನ ಮೇಲಿನ ಎಲೆಗಳನ್ನೆಲ್ಲ ಎತ್ತಿ ಹಾಕಿರುತ್ತಾರೆ. ಆಮೇಲೆ ಕೈ ಒರೆಸಿಕೊಂಡು ಟಿಕೆಟ್ ಕೋಣೆಯ ಹಳೇ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಸಾರ್ವಜನಿಕ ಈಜುಕೊಳದ ವೆಬ್ ಪುಟವೂ ಅವರದೇ ಹೊಣೆ. ಅದನ್ನು ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟಾಗ ಮ್ಯಾನೇಜರ್ ಸುತ್ತ ಕಣ್ಣಾಡಿಸಿದರಂತೆ. "ಎಲ್ರೂ ನೆಲ ನೋಡಿದ್ರು. ನಾನು ಅವರ ಮುಖ ನೋಡ್ದೆ. ಸಿಕ್ಕಿಬಿದ್ದೆ."

ಪಾಠದ ವಿಡಿಯೊ ನೋಡಿ ಕಲಿತರು. ಬಣ್ಣ ಒಲಿಯಿತು, ಅಕ್ಷರ ಒಲಿಯಿತು. ಕೈಕೊಟ್ಟಿದ್ದು ಮಾರ್ಜಿನ್, ಅಂದರೆ ಬರಹದ ಸುತ್ತ ಬಿಡುವ ಖಾಲಿ ಜಾಗ. ಎರಡು ಸಂಖ್ಯೆ ಕೊಟ್ಟರೆ ಮೊದಲನೆಯದು ಮೇಲೆ-ಕೆಳಗೆ, ಎರಡನೆಯದು ಎಡ-ಬಲ. ಕೊಳದಕ್ಕ ಉಲ್ಟಾ ತಿಳಿದಿದ್ದರು. ಕೊಳ ತೊಳೆಯುವ ದಿನ "ಇಂದು ರಜೆ" ಎಂಬ ಸೂಚನೆಯ ಎರಡೂ ಪಕ್ಕ ಅಂದವಾಗಿ ಜಾಗ ಬಿಡಲು ಹೋಗಿ ದೊಡ್ಡ ಸಂಖ್ಯೆಯನ್ನು ಮೊದಲು ಬರೆದರು. ಸೂಚನೆ ಪುಟದ ಪಾತಾಳಕ್ಕಿಳಿಯಿತು. ಮೇಲೆ ಉಳಿದದ್ದು "ಎಲ್ಲರಿಗೂ ಸ್ವಾಗತ" ಮಾತ್ರ.

ಜನ ಬಂದೇ ಬಂದರು. ಹೆಗಲಿಗೆ ಟವೆಲ್, ತಲೆಗೆ ಟೋಪಿ, ಒಬ್ಬರಂತೂ ಮನೆಯಿಂದಲೇ ಈಜುಚಡ್ಡಿಯಲ್ಲಿ. ಖಾಲಿ ಕೊಳದ ತಳದಲ್ಲಿ ಪೊರಕೆ ಹಿಡಿದು ನಿಂತಿದ್ದ ಕೊಳದಕ್ಕನಿಗೆ ಬೈಗುಳವೋ ಬೈಗುಳ. "ಓಡೋಣ ಅಂದ್ರೆ ನಾಲ್ಕೂ ಕಡೆ ಗೋಡೆ!" ಎನ್ನುತ್ತಾರೆ ಕೊಳದಕ್ಕ.

ಇನ್ನೊಂದು ಸಲ ಹೀಗಾದರೆ ಪುಟ ಬೇರೆಯವರಿಗೆ ಎಂದರು ಮ್ಯಾನೇಜರ್. ಪೀಡೆ ತೊಲಗಿತು ಎನ್ನಬಹುದಿತ್ತು. "ಅಷ್ಟೊತ್ತಿಗೆ ಅದ್ರ ಮೇಲೆ ಆಸೆ ಬಂದ್ಬಿಟ್ಟಿತ್ತು ಕಣ್ರೀ."

ಆ ಸಂಜೆ ಮನೆಯಲ್ಲಿ ಪಟ್ಟು ಹಿಡಿದು ಕೂತು ನೆನಪಿಗೆ ತಮ್ಮದೇ ಗುರುತು ಮಾಡಿಕೊಂಡರು: "ಮೊದ್ಲು ತಲೆ-ಕಾಲು, ಆಮೇಲೆ ಎರಡು ತೋಳು." ಅಷ್ಟರಲ್ಲಿ ಹೊಸ ತಲೆನೋವು. ಸೂಚನೆಯ ಕೆಳಗೆ ಇಪ್ಪತ್ತು, ಅದರಡಿಯ ವೇಳಾಪಟ್ಟಿಯ ಮೇಲೆ ಮೂವತ್ತು ಮಾರ್ಜಿನ್ ಬಿಟ್ಟರೂ ನಡುವೆ ಐವತ್ತಾಗಲಿಲ್ಲ, ಮೂವತ್ತೇ. ಮತ್ತೆ ವಿಡಿಯೊ ನೋಡಿ, ಗಂಡನಿಗೆ ವಿವರಿಸಿದರು: "ಅಕ್ಕಪಕ್ಕ ಇದ್ರೆ ಎರಡೂ ಕೂಡ್ಕೊಳ್ಳುತ್ತಂತೆ. ಮೇಲೆ-ಕೆಳಗೆ ಇದ್ರೆ ದೊಡ್ಡದು ಮಾತ್ರ ನಡಿಯುತ್ತೆ, ಚಿಕ್ಕದು ಸುಮ್ನಾಗುತ್ತೆ."

ಒಳಗಿನಿಂದ ಅತ್ತೆಯ ದನಿ: "ಕಂಪ್ಯೂಟರಿಗಿರೋ ಬುದ್ಧಿ ಈ ಮನೇಲಿ ಯಾರಿಗೂ ಇಲ್ಲ!"

ಈಗ ಪುಟ ನೆಟ್ಟಗಿದೆ. ಇನ್ನೇನು ಆಸೆ ಎಂದು ಕೇಳಿದರೆ, "ಪುಟ ನೋಡಿದ್ಮೇಲೆ ಯಾರೂ ಫೋನ್ ಮಾಡಿ ಕೇಳ್ಬಾರ್ದು, ಅಷ್ಟೇ" ಎನ್ನುತ್ತಾರೆ.

ಆಗಲೇ ಫೋನ್ ಬಡಿದುಕೊಳ್ಳುತ್ತದೆ. ದಿನಾ ಈಜಲು ಬರುವ ಅಜ್ಜ: "ಇವತ್ತು ಕೊಳ ಇದೆಯೇನಮ್ಮಾ?"

"ಪುಟದಲ್ಲಿ ಮೊದಲ್ನೇ ಸಾಲೇ ಅದು ಅಜ್ಜಾ!"

"ಇರ್ಬೋದು. ನಂಗೆ ಕಾಣಲ್ವಲ್ಲ."

ಕೊಳದಕ್ಕ ಕೀಲಿಮಣೆ ಹತ್ತಿರಕ್ಕೆಳೆದುಕೊಳ್ಳುತ್ತಾರೆ. "ಇದೆ, ಹೊರಡಿ. ನಾಳೆಯಿಂದ ಕಾಣುತ್ತೆ. ಅಕ್ಷರ ದೊಡ್ಡದು ಮಾಡ್ತಿದೀನಿ."